ಸಂದರ್ಶನಕ್ಕೆ ಬಂದ ಅಪ್ಪನ ಮಳೆ ಪುಸ್ತಕ

ಪಿಎಚ್.ಡಿ. ಮುಗಿಸಿ ಸೋಮವಾರಪೇಟೆ ಹತ್ತಿರದ ತೋಟದ ಮನೆಗೆ ಬಂದೆ. ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಆದವರ ಸಂಶೋಧನಾ ಹುದ್ದೆ, ಹುಡುಕುತ್ತಿದ್ದೇನೆ ಅಂದರೆ ಚಿಕ್ಕಪ್ಪ "ಇನ್ನೂ ಓದೋದಾ ಮಾರಾಯ?" ಅನ್ನುತ್ತಿದ್ದರು. ಓದೋದಲ್ಲ, ಸಂಬಳದ ಕೆಲಸ ಅಂತ ಹೇಳಿ ಹೇಳಿ ಸಾಕಾಯಿತು.

ನನ್ನ ವಿಷಯ ಮುಂಗಾರು ಮಳೆ. ಕಂಪ್ಯೂಟರ್ ಭಾಷೆಗಳಲ್ಲಿ ಪೈಥಾನ್ ಗೊತ್ತು. ಫೋರ್ಟ್ರಾನ್ ಓದಿ ತಿದ್ದುವಷ್ಟು ಬರುತ್ತದೆ. ಹವಾಮಾನ ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್ ಮಾದರಿಗಳು ಹೆಚ್ಚಿನವು ಇವತ್ತಿಗೂ ಫೋರ್ಟ್ರಾನ್‌ನಲ್ಲೇ ಇವೆ, ಅದಕ್ಕೇ ಆ ಹಳೇ ಭಾಷೆಗೆ ಇನ್ನೂ ಬೆಲೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ, ಬೆಂಗಳೂರಿನ ಐಐಎಸ್‌ಸಿ, ಯುರೋಪಿನ ಹುದ್ದೆಗಳಿಗೆ ಯುರಾಕ್ಸೆಸ್ ಜಾಲತಾಣ, ಎಲ್ಲ ಕಡೆ ಕಣ್ಣಿಟ್ಟಿದ್ದೆ. ಇಂಥ ಜಾಹೀರಾತಿನ ತಲೆಬರಹದಲ್ಲಿ 'ಪ್ರೋಗ್ರಾಮಿಂಗ್' ಅಂತ ಇರೋದೇ ಕಡಿಮೆ. ಮೇಲೆ ಮೋಡ, ಮಳೆ, ಸಾಗರ ಅಂತಿರುತ್ತದೆ. ಕೆಳಗೆ ಅರ್ಹತೆಯ ಸಾಲಿನಲ್ಲಿ ಲಿನಕ್ಸ್, ಗಿಟ್, ನೆಟ್‌ಸಿಡಿಎಫ್, ಸ್ಲರ್ಮ್ ಅಂತ ಪ್ರೋಗ್ರಾಮಿಂಗ್ ಕೆಲಸದ ಸಲಕರಣೆಗಳ ಹೆಸರು. ನಾನು ಈ ಪದಗಳನ್ನೇ ಹಾಕಿ ಹುಡುಕುತ್ತಿದ್ದೆ. ಯುರೋಪಿಯನ್ ಒಕ್ಕೂಟದ ಮಾರಿ ಕ್ಯೂರಿ ಫೆಲೋಶಿಪ್‌ಗಾದರೆ ಕರೆದುಕೊಳ್ಳಲು ಒಬ್ಬ ಪ್ರೊಫೆಸರ್ ಮೊದಲೇ ಒಪ್ಪಿರಬೇಕು. ಪ್ರಾಜೆಕ್ಟ್ ದುಡ್ಡಿನ ಹುದ್ದೆಗೆ ಆ ತಲೆನೋವಿಲ್ಲ. ಆದರೆ ಅಲ್ಲಿ ನಮ್ಮ ಕನಸಲ್ಲ, ಅವರ ಕೆಲಸ ಮಾಡಬೇಕು, ಅಲ್ವಾ?

ಅಂಥದ್ದೇ ಒಂದು ಹುದ್ದೆಗೆ ಅರ್ಜಿ ಹಾಕಿದಾಗ ಬರೆದ ಕೋಡ್ ಕಳಿಸಿ ಅಂದರು. ಥೀಸಿಸ್‌ನ ಕೋಡ್ ನನ್ನ ಗುಂಪಿನವರಿಗೆ ಬಿಟ್ಟು ಬೇರೆ ಯಾರಿಗೂ ಓಡಿಸೋಕಾಗಲ್ಲ. ಅದರ ಬದಲು ಅಪ್ಪನ ಮಳೆ ಪುಸ್ತಕದ್ದನ್ನು ಕಳಿಸಿದೆ. ಕೊಡಗಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಅಪ್ಪ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಆ ಪುಟಗಳನ್ನು ಟೈಪ್ ಮಾಡಿ, ನಾಸಾದ ಐಮರ್ಜ್ ಎಂಬ ಉಪಗ್ರಹ ಮಳೆ ಲೆಕ್ಕದ ಜೊತೆ ಹೋಲಿಸುವ ಚಿಕ್ಕ ಪ್ರೋಗ್ರಾಂ ಅದು.

ಸಂದರ್ಶನದ ದಿನ ಜೋರು ಮಳೆ, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಕಾಫಿ ಗೋಡೌನ್ ಮೆಟ್ಟಿಲ ಮೇಲೆ ಮಾತ್ರ ಸಿಗ್ನಲ್. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತೆ. ವಿಡಿಯೊ ಆಫ್ ಮಾಡಿ ಮಾತಾಡಿ ಅಂದರು, ಸದ್ಯ.

ಥೀಸಿಸ್ ಬಗ್ಗೆ ಜಾಸ್ತಿ ಕೇಳಲಿಲ್ಲ. ಮೊದಲ ಪ್ರಶ್ನೆಯೇ, ಪುಸ್ತಕದಲ್ಲಿ ಖಾಲಿ ಇರುವ ದಿನಗಳನ್ನು ಸೊನ್ನೆ ಅಂತ ತಗೊಂಡ್ರಾ? ಎಲ್ಲವನ್ನೂ ಅಲ್ಲ ಅಂದೆ. ಜನವರಿಯಲ್ಲಿ ಖಾಲಿ ಇದ್ದರೆ ಮಳೆಯಿಲ್ಲ. ಜುಲೈನಲ್ಲಿ ಖಾಲಿ ಇದ್ದರೆ ಅಪ್ಪ ಊರಲ್ಲಿ ಇರಲಿಲ್ಲ ಅಂತ. ಬಂದ ಮೇಲೆ ಅಷ್ಟೂ ದಿನದ್ದು ಸೇರಿಸಿ ಒಂದೇ ಅಂಕಿ ಬರೆದಿರುತ್ತಾರೆ. ಪ್ರೋಗ್ರಾಂ ಅಂಥ ಸಾಲುಗಳಿಗೆ ಬೇರೆ ಗುರುತು ಹಾಕಿ ಪಕ್ಕಕ್ಕಿಡುತ್ತದೆ. ಆಮೇಲೆ ಗಡಿಯಾರದ ವಿಷಯ ಬಂತು. ಹವಾಮಾನ ಇಲಾಖೆಯ ಹಾಗೆ ಅಪ್ಪನೂ ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ಉಪಗ್ರಹದ ಅಂಕಿಗಳಲ್ಲಿ ಬಳಸುವ ಜಾಗತಿಕ ಸಮಯ ಯುಟಿಸಿಯಲ್ಲಿ ಅದು 3 ಗಂಟೆ. ಉಪಗ್ರಹದ ಅರ್ಧರ್ಧ ಗಂಟೆಯ ಅಂಕಿಗಳನ್ನು ಮಧ್ಯರಾತ್ರಿಯಿಂದ ಕೂಡಿಸಿದರೆ ಒಂದು ದಿನದ ಮಳೆ ಇನ್ನೊಂದು ದಿನಕ್ಕೆ ಹೋಗುತ್ತದೆ. ಅದನ್ನು ವಿವರಿಸುವಾಗ ಆ ಕಡೆ ಯಾರೋ "ಗುಡ್" ಅಂದದ್ದು ಮಳೆ ಸದ್ದಿನಲ್ಲೂ ಕೇಳಿಸಿತು.

ಎರಡನೇ ಸುತ್ತಿಗೆ ಅವರದೇ ಒಂದು ಫೋರ್ಟ್ರಾನ್ ಕೋಡ್ ಕಳಿಸಿದ್ದಾರೆ. ಕಾಮೆಂಟ್ ಒಂದೂ ಇಲ್ಲ, ವೇರಿಯಬಲ್‌ಗಳ ಹೆಸರೆಲ್ಲ ಒಂದೊಂದೇ ಅಕ್ಷರ. ಉತ್ತರ ಬದಲಾಗದ ಹಾಗೆ ಅದರ ವೇಗ ಹೆಚ್ಚಿಸಿ ಕೊಡಬೇಕಂತೆ. ಇಲ್ಲಿನ ಕರೆಂಟ್ ನಂಬಿಕೊಂಡರೆ ಆಗಲ್ಲ ಅಂತ ಮಡಿಕೇರಿಯ ಗೆಳೆಯನ ರೂಮಿಗೆ ಹೊರಟಿದ್ದೇನೆ.