69 ಲಕ್ಷದ ಲೆಕ್ಕದಲ್ಲಿ ನಾನೂ ಒಬ್ಬಳು

ಸಿಂಗಪುರದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ ಎಂದು ಮೊನ್ನೆ ಲಿಫ್ಟಿನಲ್ಲಿ ಗೊಣಗಿದೆ. ಕೆಳಮಹಡಿಯ ಚೀನೀ ಆಂಟಿ ನಗುತ್ತಲೇ ಅಂದರು: “ನೀವೆಲ್ಲ ಬರುತ್ತೀರೆಂದು ಸರ್ಕಾರ 2013ರಲ್ಲೇ ಹೇಳಿತ್ತು. ಬೇಡ ಎಂದವರು ನಾವು.” ಅವರ ಮಹಡಿ ಬಂತು, ಇಳಿದು ಹೋದರು. ನನಗೆ ಚುರುಕ್ಕೆಂದಿತು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. 2030ರ ಹೊತ್ತಿಗೆ ಸಿಂಗಪುರದ ಜನಸಂಖ್ಯೆ 65ರಿಂದ 69 ಲಕ್ಷ ಆಗಬಹುದು ಎಂದು ಆ ವರ್ಷದ ಜನವರಿಯಲ್ಲಿ ಸರ್ಕಾರ ಶ್ವೇತಪತ್ರ ಹೊರಡಿಸಿತ್ತು. ಇಲ್ಲಿ ಮಕ್ಕಳು ಹುಟ್ಟುವುದು ಕಡಿಮೆ. ಹೆಚ್ಚುವ ತಲೆಗಳಲ್ಲಿ ಹೊರದೇಶದಿಂದ ಬಂದ ನಮ್ಮಂಥವರದು ದೊಡ್ಡ ಪಾಲು. ಮುಂದಿನ ತಿಂಗಳೇ ಹಾಂಗ್ ಲಿಮ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. ಪ್ರತಿಭಟನೆಯೇ ಅಪರೂಪವಾದ ಊರಿದು. ಅದು ಗುರಿಯಲ್ಲ, ಯೋಜನೆಗೆ ಬೇಕಾದ ಅಂದಾಜು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಆದರೆ ಆ ಅಂದಾಜಿನ ಜೊತೆಗೇ ನೆಲದ ಲೆಕ್ಕವೂ ಹೊರಬಂದಿತ್ತು: ಸುಮಾರು 714 ಚದರ ಕಿಲೋಮೀಟರ್ ಇದ್ದ ದ್ವೀಪ 2030ಕ್ಕೆ 766 ಆಗಬೇಕು. ಹೆಚ್ಚಿನದನ್ನು ಸಮುದ್ರ ಕೊಡಬೇಕು.

ಹೀಗೆ ಮೊದಲೇ ಲೆಕ್ಕ ಹಾಕಿಡುವ ಅಭ್ಯಾಸ ಇಲ್ಲಿ ಹಳೆಯದು. 1971ರ ಕಾನ್ಸೆಪ್ಟ್ ಪ್ಲಾನ್ ಎಂಬ ದೂರದೃಷ್ಟಿಯ ಭೂಬಳಕೆ ಯೋಜನೆ, ದ್ವೀಪದ ನಡುವಿನ ಜಲಾಶಯಗಳ ಸುತ್ತ ಹೊಸ ಪಟ್ಟಣಗಳ ಸರವನ್ನೇ ಗೀಚಿತ್ತು. ಚಾಂಗಿ ವಿಮಾನ ನಿಲ್ದಾಣ 1981ರಲ್ಲಿ, ಮೆಟ್ರೊ 1987ರಲ್ಲಿ ಬಂದವು. ಈ ಶಿಸ್ತಿಗೆ ಸತ್ತವರೂ ಹೊರತಲ್ಲ. ಬುಕಿತ್ ಬ್ರೌನ್ ಎಂಬ ಹಳೆಯ ಚೀನೀ ಸ್ಮಶಾನದ ನಡುವೆ ರಸ್ತೆ ಹಾಯಿಸಲು ಸಾವಿರಾರು ಸಮಾಧಿಗಳನ್ನು ಅಗೆದರು. ಅವುಗಳಲ್ಲಿ ಆಂಟಿಯ ಅಜ್ಜನದೂ ಒಂದು. ಅಂಥವರು ನನಗೆ ಒಂದು ಮಾತು ಅಂದರೆ ಅನ್ನಲಿ ಬಿಡಿ ಎಂದು ಆಮೇಲೆ ಅನಿಸಿತು.

ನಮ್ಮ ಬೆಂಗಳೂರಿನಲ್ಲೂ ಎಣಿಸಿದ್ದುಂಟು. 2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದಾಗ ಎರಡು ಕೋಟಿ ಜನರ ಅಂದಾಜಿತ್ತು. ಆಕ್ಷೇಪಣೆಗಳು ಬಂದವು, ಕೊನೆಗೆ ಕರಡನ್ನೇ ಹಿಂಪಡೆದರು. 2007ರಲ್ಲಿ ಒಪ್ಪಿಗೆಯಾದ, 2015ರ ಹೆಸರಿನ ಯೋಜನೆಯೇ ಗಡುವು ದಾಟಿಯೂ ನಡೆಯಿತು. ಯೋಜನೆ ಹಿಂದಕ್ಕೆ ಹೋಯಿತು, ಜನ ಬರುತ್ತಲೇ ಇದ್ದರು.

ನಾನು ಕಂಡಂತೆ ನಮ್ಮೂರಿನಲ್ಲಿ ದೂರಾಲೋಚನೆಯ ಗುತ್ತಿಗೆ ಸೈಟ್ ಬ್ರೋಕರುಗಳದು. ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರಿನಲ್ಲಿ ಮುಂದೆ ನಿಂತು ಯಲಹಂಕದಾಚೆಗೆ ಸೈಟು ನೋಡಲು ಹೋಗುತ್ತಿದ್ದೆ. ರಾಗಿ ಹೊಲದಲ್ಲಿ ನಿಂತ ಬ್ರೋಕರ್ ಕೈಚಾಚಿ “ಇಲ್ಲಿ ಎಂಬತ್ತು ಅಡಿ ರಸ್ತೆ, ಅಲ್ಲಿ ಪಾರ್ಕು, ಆ ತೆಂಗಿನಮರದ ಹತ್ತಿರ ಬಸ್ ಸ್ಟ್ಯಾಂಡ್ ಸಾರ್” ಎನ್ನುತ್ತಿದ್ದ. ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಮನೆಗಳೇನೋ ಬಂದವು, ನಿಯಮಕ್ಕೆ ಹೊಂದದ ಆಸ್ತಿಗೆ ಕೊಡುವ ಬಿ ಖಾತೆಯ ಸಮೇತ. ಪಾರ್ಕು ಎಂದಿದ್ದ ಕಡೆ ಈಗ ಕಲ್ಯಾಣಮಂಟಪವಿದೆ.

ಭಾನುವಾರ ಫೋನಿನಲ್ಲಿ ಅಪ್ಪನದು ಅದೇ ದೂರು: “ಎಲ್ಲೆಲ್ಲಿಂದಲೋ ಬಂದವರಿಂದ ಊರು ಕೆಟ್ಟುಹೋಯಿತು.” ನಾನು ಸುಮ್ಮನಿದ್ದೆ. ನಾನೂ ಇಲ್ಲಿಗೆ ಎಲ್ಲಿಂದಲೋ ಬಂದವಳೇ ಎನ್ನಲು ಬಾಯಿ ಬರಲಿಲ್ಲ. ಪಕ್ಕದಲ್ಲಿದ್ದ ಮಗಳು ಕೇಳಿದಳು: “ತಾತ, ಅವರು ಬರುತ್ತಾರೆಂದು ನಿಮಗೆ ಯಾರೂ ಮೊದಲೇ ಹೇಳಿರಲಿಲ್ಲವೇ?”

“ಬ್ರೋಕರ್ ಹೇಳಿದ್ದ ಪುಟ್ಟಿ” ಎಂದರು ಅಪ್ಪ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂದು ಹಾರನ್ ಹೊಡೆಯಿತು. ಸಂಪಿನ ಮುಚ್ಚಳ ತೆಗೆಯಬೇಕೆಂದು ಫೋನ್ ಇಟ್ಟರು.