ಲೂಪ್ ಸೊಟ್ಟಗಾದರೆ ಮೊದಲು ಕಾಲು ನೋಡಿ

ಏರೋಬ್ಯಾಟಿಕ್ಸ್, ಅಂದರೆ ವಿಮಾನದ ಕಸರತ್ತು, ಹೇಳಿಕೊಡುವ ಕೆಲಸದಲ್ಲಿ ನನ್ನ ಗಂಟಲು ಒಣಗುವುದು ಒಂದೇ ಮಾತಿಗೆ: "ಕಾಲು, ಕಾಲು!" ಮೂತಿ ಏರಿಸಿ ಇಳಿಸುವ, ರೆಕ್ಕೆ ವಾಲಿಸುವ ಸ್ಟಿಕ್ ಹಿಡಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಮೇಲಿನ ಕಾಲು ಮಾತ್ರ ನಿದ್ದೆ ಹೋಗಿರುತ್ತದೆ.

ಸಾಮಾನ್ಯ ಹಾರಾಟದಲ್ಲಿ ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಮೀಟರಿನ ಬಾಲ್ ನಡುವೆ ಇದ್ದರೆ ಸಾಕು. ಬಾಲ್ ಯಾವ ಕಡೆ ಸರಿದಿದೆಯೋ ಆ ಕಡೆಯ ಪೆಡಲ್ ಒತ್ತಿದರೆ ಆಯಿತು. ಏರೋಬ್ಯಾಟಿಕ್ಸ್‌ನಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಮೂತಿಯನ್ನು ಪಕ್ಕಕ್ಕೆ ಎಳೆಯುತ್ತಿರುವುದು ಏನು ಎಂದು ಗೊತ್ತಿರಬೇಕು.

ಲೂಪ್ ತಗೊಳ್ಳಿ, ಅಂದರೆ ಮೇಲೇರಿ, ತಲೆಕೆಳಗಾಗಿ, ಕೆಳಗಿಳಿದು ಹಾಕುವ ಪೂರ್ತಿ ಸುತ್ತು. ಶುರುವಿನಲ್ಲಿ ವೇಗ ಜಾಸ್ತಿ, ರಡ್ಡರ್ ಕೆಲಸ ಕಡಿಮೆ. ಮೇಲೇರುತ್ತಾ ವೇಗ ಇಳಿಯುತ್ತದೆ, ಆದರೆ ಎಂಜಿನ್ ಪೂರ್ತಿ ಪವರ್‌ನಲ್ಲೇ ಇರುತ್ತದೆ. ಪ್ರೊಪೆಲ್ಲರ್ ಹಿಂದೆ ಸುತ್ತುತ್ತಾ ಬರುವ ಗಾಳಿ ಬಾಲದಲ್ಲಿ ನೆಟ್ಟಗೆ ನಿಂತ ಫಿನ್‌ಗೆ ಪಕ್ಕದಿಂದ ಬಡಿಯುತ್ತದೆ. ಪೈಲಟ್ ಕಣ್ಣಿಗೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ತಿರುಗುವ ವಿಮಾನವಾದರೆ ಮೂತಿ ಎಡಕ್ಕೆ ಹೋಗುತ್ತದೆ. ಹಾಗಾಗಿ ಮೇಲೇರಿದಷ್ಟೂ ಬಲಗಾಲಿನ ಒತ್ತು ಹೆಚ್ಚಬೇಕು. ಇಳಿಯುವಾಗ ವೇಗ ಬಂದಂತೆ ಅದನ್ನು ಬಿಡಬೇಕು. ಯಾಕ್-52 ವಿಮಾನದಲ್ಲಿ ಪ್ರೊಪೆಲ್ಲರ್ ಉಲ್ಟಾ ತಿರುಗುತ್ತದೆ, ಅಲ್ಲಿ ಎಡಗಾಲು. "ಲೂಪ್ ಅಂದ್ರೆ ಬಲಗಾಲು" ಎಂದು ಬಾಯಿಪಾಠ ಮಾಡಿದವರು ಅಲ್ಲಿ ಎಡವುತ್ತಾರೆ.

ಲೂಪ್ ಮುಗಿದಾಗ ಹೊರಟ ದಿಕ್ಕು ತಪ್ಪಿದ್ದರೆ ಹೆಚ್ಚಿನವರು ಸ್ಟಿಕ್ ವಾಲಿಸಿ ಸರಿ ಮಾಡಲು ನೋಡುತ್ತಾರೆ. ಎಷ್ಟೋ ಸಲ ತಪ್ಪು ಕಾಲಿನದ್ದು. ಇದು ಬರೀ ಅಂದಚಂದದ ಪ್ರಶ್ನೆಯೂ ಅಲ್ಲ. ಲೂಪಿನ ತುತ್ತತುದಿಯಲ್ಲಿ ನಿಧಾನವಾಗಿರುವಾಗ ಸ್ಟಿಕ್ ಜೋರಾಗಿ ಎಳೆದರೆ ರೆಕ್ಕೆ ಸ್ಟಾಲ್ ಆಗಬಹುದು, ಅಂದರೆ ಎತ್ತಿ ಹಿಡಿಯುವ ಬಲ ಕಳೆದುಕೊಳ್ಳಬಹುದು. ಆಗ ಮೂತಿಯೂ ಪಕ್ಕಕ್ಕೆ ತಿರುಗುತ್ತಿದ್ದರೆ ವಿಮಾನ ಸುತ್ತುತ್ತಾ ಕೆಳಗಿಳಿಯುವ ಸ್ಪಿನ್‌ಗೆ ಬೀಳಬಹುದು.

ಸ್ಲೋ ರೋಲ್, ಅಂದರೆ ನೇರ ಹಾರುತ್ತಲೇ ವಿಮಾನವನ್ನು ನಿಧಾನವಾಗಿ ಒಂದು ಸುತ್ತು ಉರುಳಿಸುವುದು, ಬೇರೆ ಲೋಕ. ಎಡಕ್ಕೆ ರೋಲ್ ಶುರು ಮಾಡುವಾಗ ಏಲೆರಾನ್ (ರೆಕ್ಕೆ ವಾಲಿಸಲು ಅದರ ಹಿಂಬದಿಯಲ್ಲಿರುವ ಪಟ್ಟಿ) ಎಳೆತ ಮೂತಿಯನ್ನು ಬಲಕ್ಕೆ ಎಳೆಯುತ್ತದೆ, ಅದಕ್ಕೆ ಚೂರು ಎಡಗಾಲು. ರೆಕ್ಕೆ ನೆಟ್ಟಗೆ ನಿಂತಾಗ ಮೂತಿ ಕೆಳಗೆ ಬೀಳದಂತೆ ಮೇಲಿನ ಕಡೆಯ ಪೆಡಲ್, ಅಂದರೆ ಬಲಗಾಲು. ತಲೆಕೆಳಗಾದಾಗ ಸ್ಟಿಕ್ ಮುಂದಕ್ಕೆ. ಮತ್ತೆ ರೆಕ್ಕೆ ನೆಟ್ಟಗೆ ನಿಂತಾಗ ಮೇಲಿರುವುದು ಎಡಗಡೆ, ಹಾಗಾಗಿ ಎಡಗಾಲು. ಇಲ್ಲಿ ಬಾಲ್ ನಡುವೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬಾಲ್ ನೋಡುತ್ತಾ ಸ್ಲೋ ರೋಲ್ ಮಾಡಲು ಹೋಗುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹೊರಗೆ ನೋಡ್ರಪ್ಪಾ!

ತಲೆಕೆಳಗಾಗಿ ಹಾರುತ್ತಾ ತಿರುಗುವುದು ಎಲ್ಲರ ತಲೆ ತಿನ್ನುತ್ತದೆ. ಅಲ್ಲಿ ಸ್ಟಿಕ್ ಎಡಕ್ಕೆ ತಳ್ಳಿದರೆ ಏಲೆರಾನ್ ಎಳೆತ ಮೂತಿಯನ್ನು ಪೈಲಟ್‌ನ ಎಡಕ್ಕೇ ಎಳೆಯುತ್ತದೆ. ಅದನ್ನು ತಡೆಯಲು ಬಲಗಾಲು ಬೇಕು. ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ. ನೆಲದ ಮೇಲೆ ವಿವರಿಸಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮೇಲೆ ಹೋದಾಗ ಎರಡೂ ಒಂದೇ ಕಡೆ ಹೋಗುತ್ತವೆ.

ಅದಕ್ಕೇ ನಾನು ಮೊದಲು ಮಾಡಿಸುವುದು ಒಂದು ಸಪ್ಪೆ ಅಭ್ಯಾಸ. ದಿಗಂತದಲ್ಲಿ ಒಂದು ಗುರುತು ಹಿಡಿದು, ಮೂತಿ ಅಲ್ಲೇ ಇಟ್ಟು, ರೆಕ್ಕೆಯನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತಾ ಹೋಗುವುದು. ಮೊದಲು ನಿಧಾನ, ಆಮೇಲೆ ಜೋರು. ಸರಿಯಾದ ಪೆಡಲ್ ಸರಿಯಾದ ಹೊತ್ತಿಗೆ ಬೀಳದಿದ್ದರೆ ಮೂತಿ ಗುರುತು ಬಿಟ್ಟು ಓಲಾಡುತ್ತದೆ. "ಇದೆಲ್ಲಾ ಯಾಕೆ ಸಾರ್, ಲೂಪ್ ಮಾಡೋಣ" ಎನ್ನುವವರು ಇದ್ದೇ ಇರುತ್ತಾರೆ. ಮೂತಿ ನಿಲ್ಲುವವರೆಗೆ ಲೂಪ್ ಇಲ್ಲ.