ಚಳಿಗಾಲದಲ್ಲಿ ಗಾಡಿಯ ದೂರಿಗಿಂತ ಮೊದಲು ಊರು ಕೇಳಬೇಕು

ಹುಬ್ಬಳ್ಳಿಯ ಹೊಸೂರಿನ ಹತ್ತಿರ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ಇಲ್ಲಿಗೆ ಎಲ್ಲ ದಿಕ್ಕಿನ ಗಾಡಿಗಳೂ ಬರುತ್ತವೆ. ಕಲಘಟಗಿ ಕಡೆಯ ಹಾಲಿನವರು, ಅಣ್ಣಿಗೇರಿ, ನವಲಗುಂದದ ಶಾಲೆಗಳಿಗೆ ದಿನವೂ ಹೋಗಿಬರುವ ಶಿಕ್ಷಕರು, ಹಾವೇರಿ, ರಾಣೆಬೆನ್ನೂರಿನ ತನಕ ತಿರುಗುವ ಔಷಧ ಕಂಪನಿಗಳ ಪ್ರತಿನಿಧಿಗಳು, ಧಾರವಾಡದ ಹಾಸ್ಟೆಲ್ ಹುಡುಗರು. ದೀಪಾವಳಿ ಮುಗಿದು ಬೆಳಗಿನ ಗಾಳಿ ಚುರುಗುಟ್ಟತೊಡಗಿತೆಂದರೆ ಇವರೆಲ್ಲರ ಬಾಯಲ್ಲಿ ಒಂದೇ ಮಾತು: "ಚಳಿಗೆ ಗಾಡಿ ಸರಿಯಾಗಿ ಓಡುತ್ತಿಲ್ಲ, ಸ್ವಲ್ಪ ನೋಡಿರಿ." ಈ ಮಾತಿನಿಂದ ಮಿಸ್ತ್ರಿಗೆ ತಿಳಿಯುವುದು ಏನೂ ಇಲ್ಲ. ಹಾಗಾಗಿ ನವೆಂಬರ್ ಬಂತೆಂದರೆ ನಾನು ಮೊದಲು ಕೇಳುವುದೇ ಬೇರೆ. ಯಾವ ಊರು? ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ? ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ.

ಏಕೆಂದರೆ ಹುಬ್ಬಳ್ಳಿಯ ಸುತ್ತ ಒಂದೇ ಚಳಿಗಾಲ ಇಲ್ಲ. ಪೂರ್ವಕ್ಕೆ ಹೋದರೆ ಎರೆಭೂಮಿ. ಗಿಡಮರ ಕಡಿಮೆ, ಗಾಳಿ ಒಣ, ಆಕಾಶ ತಿಳಿ. ಹಗಲು ಕಾಯ್ದ ನೆಲ ರಾತ್ರಿಯಾಗುತ್ತಲೇ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ನಸುಕಿನಲ್ಲಿ 14 ಡಿಗ್ರಿ ಇದ್ದದ್ದು ಮಧ್ಯಾಹ್ನ 30ರ ಹತ್ತಿರ ಬಂದು ನಿಲ್ಲುವುದು ಇಲ್ಲಿ ಹೊಸದೇನಲ್ಲ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ದಾಟುತ್ತಿದ್ದಂತೆ ಕಾಡು, ಕೆರೆ, ಭತ್ತದ ಗದ್ದೆ. ಅಲ್ಲಿ ಚಳಿಯ ಜೊತೆಗೆ ತೇವವೂ ಇರುತ್ತದೆ. ಇಬ್ಬನಿ ಸುರಿಯುತ್ತದೆ, ಮಂಜು ಕವಿಯುತ್ತದೆ. ಕಲಘಟಗಿಯ ರಸ್ತೆಯಲ್ಲೇ ಮುಂದೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಿದರೆ ಸ್ವೆಟರ್ ಬಿಚ್ಚಿ ಡಿಕ್ಕಿಗೆ ತುರುಕಬೇಕು. ಅಲ್ಲಿಯ ಗಾಡಿಗಳಿಗೆ ಶತ್ರು ಚಳಿಯಲ್ಲ, ಉಪ್ಪುಗಾಳಿ. ಒಂದು ಟ್ಯಾಂಕ್ ಪೆಟ್ರೋಲಿನೊಳಗೆ ಇಷ್ಟೆಲ್ಲ ಬದಲಾಗುವಾಗ ಎಲ್ಲ ಗಾಡಿಗಳಿಗೂ ಒಂದೇ "ವಿಂಟರ್ ಸರ್ವಿಸ್" ಎಂದು ಬೋರ್ಡ್ ಹಾಕುವುದು ಗಿರಾಕಿಯ ಜೇಬಿಗೆ ಕೈ ಹಾಕುವ ಉಪಾಯ ಎಂದೇ ನನ್ನ ಅಭಿಪ್ರಾಯ.

ಕಲಘಟಗಿ ಕಡೆಯಿಂದ ಬರುವ ಹಾಲಿನವರೊಬ್ಬರಿದ್ದಾರೆ. ಸೀಟಿನ ಎರಡೂ ಬದಿಗೆ ಕ್ಯಾನ್ ತೂಗುಬಿಟ್ಟುಕೊಂಡು ನಸುಕಿನಲ್ಲೇ ಹುಬ್ಬಳ್ಳಿ ಸೇರುವವರು. ಅವರ ದೂರು: "ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದರೆ ಚಕ್ರ ಜಗ್ಗನೆ ಹಿಡಿದು ಗಾಡಿ ಅಡ್ಡ ಜಾರುತ್ತದೆ. ಮಧ್ಯಾಹ್ನ ನೋಡಿದರೆ ಏನೂ ಇಲ್ಲ." ಅವರು ಹೇಳಿದ್ದು ಅಕ್ಷರಶಃ ನಿಜ. ಮಧ್ಯಾಹ್ನ ತಂದು ಕೊಟ್ಟರೆ ಯಾವ ಮಿಸ್ತ್ರಿಗೂ ತೊಂದರೆ ಕಾಣಿಸುವುದಿಲ್ಲ.

"ಕಾಕಾ, ರಾತ್ರಿ ಗಾಡಿ ಎಲ್ಲಿರುತ್ತದೆ?"

"ಇನ್ನೆಲ್ಲಿ, ಹಿತ್ತಲಲ್ಲಿ. ಕೊಟ್ಟಿಗೆಯಲ್ಲಿ ಎಮ್ಮೆಗಳಿಗೇ ಜಾಗ ಸಾಲದು."

ಹಿಂದಿನ ಚಕ್ರ ಬಿಚ್ಚಿ ಡ್ರಮ್ ತೆಗೆದು ಬಿಸಿಲಿಗೆ ಹಿಡಿದರೆ ಕಥೆಯೆಲ್ಲ ಅದರೊಳಗೇ ಇತ್ತು. ಬ್ರೇಕ್ ಶೂ ಉಜ್ಜುವ ಕಬ್ಬಿಣದ ಮೈಮೇಲೆ ಕಿತ್ತಳೆ ಬಣ್ಣದ ತೆಳುವಾದ ತುಕ್ಕಿನ ಪೊರೆ, ಮೂಲೆಯಲ್ಲಿ ಬ್ರೇಕಿನ ಪುಡಿ ತೇವಕ್ಕೆ ಕಲಸಿ ಕಟ್ಟಿಕೊಂಡ ಕರಿ ಕೆಸರು. ರಾತ್ರಿಯ ಇಬ್ಬನಿಗೆ ಡ್ರಮ್ ಒಳಗೆ ತೇವವಾಗುತ್ತದೆ, ನಸುಕಿನ ಹೊತ್ತಿಗೆ ತುಕ್ಕು ಮೂಡಿರುತ್ತದೆ. ಮೊದಲ ಬ್ರೇಕಿಗೆ ಶೂ ಆ ಒರಟು ಮೈಯನ್ನು ಕಚ್ಚಿಹಿಡಿಯುತ್ತದೆ. ನಾಲ್ಕು ಸಲ ಒತ್ತಿದ ಮೇಲೆ ಪೊರೆ ಉಜ್ಜಿಹೋಗಿ ಎಲ್ಲ ಸರಿಯಾಗುತ್ತದೆ. ಒದ್ದೆ ರಸ್ತೆ, ಹಿಂದೆ ಹಾಲಿನ ಭಾರ, ಕತ್ತಲು ಇವು ಕೂಡಿದಾಗ ಆ ಮೊದಲ ಬ್ರೇಕೇ ಅಪಾಯ. ಶೂ ಮೈಯನ್ನು ಮರಳುಕಾಗದದಲ್ಲಿ ತಿಕ್ಕಿ, ಕೆಸರು ಒರೆಸಿ, ಶೂಗಳನ್ನು ಅಗಲಿಸುವ ಕ್ಯಾಮಿಗೆ ಚಿಟಿಕೆ ಗ್ರೀಸ್ ಹಚ್ಚಿ ಕೊಟ್ಟೆ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಮಾತು: ಮನೆಯ ಓಣಿಯಲ್ಲೇ, ನಡಿಗೆಯ ವೇಗದಲ್ಲಿ ಇರುವಾಗ, ಹಗುರವಾಗಿ ಎರಡು ಮೂರು ಸಲ ಬ್ರೇಕ್ ಒತ್ತಿ ನಂತರ ಹೆದ್ದಾರಿಗೆ ಬನ್ನಿ. ಒಂದು ಹಳೆಯ ಗೊಬ್ಬರದ ಚೀಲವನ್ನಾದರೂ ಚಕ್ರದ ಮೇಲೆ ಹೊದಿಸಿ ಎಂದೂ ಹೇಳಿದೆ. ಎಮ್ಮೆಗೆ ಹೊದಿಸುವ ಚೀಲ ಗಾಡಿಗೂ ಬೇಕೇ ಎಂದು ನಕ್ಕರು.

ತೇವದ ಸೀಮೆಯ ಗಾಡಿಗಳಲ್ಲಿ ಇನ್ನೊಂದು ತೊಂದರೆ ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಎಥನಾಲಿಗೆ ನೀರು ಹೀರುವ ಗುಣವಿದೆ. ಅರ್ಧ ಖಾಲಿ ಟ್ಯಾಂಕಿನ ಗಾಡಿ ಇಬ್ಬನಿಯಲ್ಲಿ ದಿನಗಟ್ಟಲೆ ನಿಂತರೆ ಒಳಗಿನ ತಗಡಿಗೆ ಹನಿ ಕಟ್ಟಿ ನೀರು ಸೇರುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಯಾದರೆ ಅದರ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಟ್ಟು ನೋಡಿ. ತಳದಲ್ಲಿ ನೀರು ಬೇರೆಯಾಗಿ ಉರುಳಾಡುವುದು ಕಣ್ಣಿಗೇ ಕಾಣುತ್ತದೆ. ಇದನ್ನು ನೋಡದೆ ಪ್ಲಗ್ ಬದಲಾಯಿಸಿದವರನ್ನು ಬಹಳ ಕಂಡಿದ್ದೇನೆ. ರಾತ್ರಿ ಟ್ಯಾಂಕ್ ತುಂಬಿಸಿಟ್ಟರೆ ಹನಿ ಕಟ್ಟಲು ಒಳಗೆ ಜಾಗವೇ ಇರುವುದಿಲ್ಲ.

ಧಾರವಾಡದ ವಿದ್ಯಾರ್ಥಿಗಳದು ವಿಚಿತ್ರ ಕಾಯಿಲೆ. ಅವರ ಗಾಡಿ ಓಡುವುದೇ ಇಲ್ಲ! ಹಾಸ್ಟೆಲಿನಿಂದ ತರಗತಿಗೆ, ತರಗತಿಯಿಂದ ಚಹಾದಂಗಡಿಗೆ. ಎಂಜಿನ್ ಕಾಯುವ ಮೊದಲೇ ಬಂದ್. ಕಾಯದ ಎಂಜಿನ್ನಿನೊಳಗೆ ಹುಟ್ಟಿದ ತೇವ ಆವಿಯಾಗಿ ಹೊರಹೋಗದೆ ಆಯಿಲಿಗೆ ಸೇರುತ್ತದೆ. ಆಯಿಲ್ ಮುಚ್ಚಳ ತಿರುಗಿಸಿ ತೆಗೆದರೆ ಒಳಬದಿಗೆ ಮೊಸರಿನ ಕೆನೆಯಂತಹ ಬಿಳಿ ಜಿಡ್ಡು. ಎಂಜಿನ್ ಹಾಳಾಯಿತು ಎಂದು ಹುಡುಗರು ಮುಖ ಸಣ್ಣ ಮಾಡುತ್ತಾರೆ. ಬಹಳಷ್ಟು ಸಲ ಆಗಿರುವುದು ಅಷ್ಟೇನೂ ಇಲ್ಲ. ಆಯಿಲ್ ಬದಲಿಸಿ, ವಾರಕ್ಕೊಮ್ಮೆ ಹುಬ್ಬಳ್ಳಿಯ ತನಕ ಸುಮಾರು 20 ಕಿಲೋಮೀಟರ್ ಓಡಿಸಿಕೊಂಡು ಬಾ ಎನ್ನುತ್ತೇನೆ. ಈ ಚಿಕಿತ್ಸೆಯನ್ನು ಯಾರೂ ಬೇಡವೆಂದಿಲ್ಲ.

ಗದಗ ರಸ್ತೆಯ ಗಿರಾಕಿಗಳಿಗೆ ಇದ್ಯಾವುದೂ ತಟ್ಟುವುದಿಲ್ಲ. ಅವರದು ಧೂಳು ಮತ್ತು ಬೆಳಕು. ಮೂಡಗಾಳಿ ಬೀಸುವ ಕಾಲಕ್ಕೆ ಹತ್ತಿ ಬಿಡಿಸುವ, ಕಡಲೆ ಕೀಳುವ ಕೆಲಸ ಸಾಲಾಗಿ ಬರುತ್ತದೆ. ಟ್ರ್ಯಾಕ್ಟರ್‌ಗಳು ಹೊಲದಿಂದ ರಸ್ತೆಗೆ ಎಳೆದು ತಂದ ಎರೆಮಣ್ಣು ಒಣಗಿ ಹಿಟ್ಟಾಗಿ ಹಾರುತ್ತಿರುತ್ತದೆ. ಅಣ್ಣಿಗೇರಿಗೆ ಹೋಗುವ ಶಿಕ್ಷಕರೊಬ್ಬರ ಗಾಡಿಯ ಏರ್ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಕರಿ ಪುಡಿಯ ಜೊತೆ ಹತ್ತಿಯ ಎಳೆಯೂ ಉದುರಿತು. ಪಿಕಪ್ ಇಲ್ಲ, ಮೈಲೇಜ್ ಇಲ್ಲ, ಚಳಿಗೆ ಹೀಗಾಗುತ್ತದಂತೆ ಎಂದು ಯಾರೋ ಅವರಿಗೆ ಹೇಳಿದ್ದರು. ಚಳಿಯ ಪಾತ್ರವೇ ಇಲ್ಲ, ಗಾಡಿಗೆ ಉಸಿರು ಕಟ್ಟಿತ್ತು. ಇದೇ ಕಾರಣಕ್ಕೆ ಆ ಕಡೆಯ ಗಾಡಿಗಳ ಚೈನಿಗೆ ನಾನು ಆಯಿಲ್ ಸುರಿಯುವುದಿಲ್ಲ. ಹನಿ ಹನಿಯಾಗಿ ಹಾಕಿ, ಮೇಲಿನದನ್ನೆಲ್ಲ ಬಟ್ಟೆಯಿಂದ ಒರೆಸುತ್ತೇನೆ. ಇಲ್ಲದಿದ್ದರೆ ಎರೆಧೂಳು ಅದಕ್ಕೆ ಅಂಟಿಕೊಂಡು ಸ್ಪ್ರಾಕೆಟ್ ಹಲ್ಲುಗಳನ್ನು ತಿಂದುಹಾಕುತ್ತದೆ. ಕಲಘಟಗಿಯ ಗಾಡಿಗೆ ಧಾರಾಳವಾಗಿ ಹಾಕಬೇಕು, ಅಲ್ಲಿ ತುಕ್ಕಿನ ಭಯ.

ಬೆಳಕಿನ ವಿಷಯವನ್ನು ಗಿರಾಕಿಗಳು ದೂರಿನಲ್ಲಿ ಹೇಳುವುದೇ ಇಲ್ಲ, ನಾವೇ ಕೇಳಬೇಕು. ಹುಬ್ಬಳ್ಳಿಯಿಂದ ಗದಗಿಗೆ ರಸ್ತೆ ಹೆಚ್ಚುಕಡಿಮೆ ನೇರ ಪೂರ್ವಕ್ಕೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಎಂಟಕ್ಕೆ ಶಾಲೆಗೆ ಹೊರಟವರ ಕಣ್ಣಿಗೆ ಸೂರ್ಯ ನೇರ ಎದುರು, ಸಂಜೆ ಐದರ ನಂತರ ಮರಳುವಾಗ ಮತ್ತೆ ಎದುರು. ದಿನಕ್ಕೆರಡು ಸಲ ಈ ಶಿಕ್ಷೆ. ಹೆಲ್ಮೆಟ್ಟಿನ ಗಾಜಿನ ಮೇಲೆ ಧೂಳು ಒರೆಸಿ ಒರೆಸಿ ಗೀರು ಬಿದ್ದಿದ್ದರೆ ಆ ಬೆಳಕು ಇಡೀ ಗಾಜಿಗೆ ಹರಡಿ ಮುಂದಿನ ಎತ್ತಿನಗಾಡಿಯೂ ಕಾಣದಂತಾಗುತ್ತದೆ. ನಾನು ಗಾಡಿ ಮರಳಿಸುವಾಗ ಗಿರಾಕಿಯ ಹೆಲ್ಮೆಟ್ ತೆಗೆದುಕೊಂಡು ಗಾಜನ್ನು ಸೂರ್ಯನಿಗೆ ಹಿಡಿದು ತೋರಿಸುತ್ತೇನೆ. ಮಾತು ಬೇಕಾಗುವುದಿಲ್ಲ. ಗಾಜು ಬದಲಿಸುವ ಖರ್ಚು ಒಂದು ಆಯಿಲ್ ಸರ್ವಿಸಿಗಿಂತ ಕಡಿಮೆ.

ಹಾವೇರಿ ರಸ್ತೆಯಲ್ಲಿ ತಿರುಗುವವರಿಗೆ ಹವಾಮಾನಕ್ಕಿಂತ ಸುಗ್ಗಿಯೇ ಸವಾಲು. ಗೋವಿನಜೋಳ ಕೊಯ್ದ ಮೇಲೆ ಹೆದ್ದಾರಿಯ ಸರ್ವಿಸ್ ರಸ್ತೆಗಳೇ ಕಣ. ಹಗಲು ಕಾಳು ಹರಡುತ್ತಾರೆ, ಸಂಜೆ ರಾಶಿ ಮಾಡಿ ಇಬ್ಬನಿ ಬೀಳದಂತೆ ತಾಡಪತ್ರಿ ಹೊದಿಸುತ್ತಾರೆ, ಅದು ಹಾರದಿರಲಿ ಎಂದು ಸುತ್ತ ಕಲ್ಲು ಇಡುತ್ತಾರೆ. ಕಪ್ಪು ರಸ್ತೆ, ಕಪ್ಪು ತಾಡಪತ್ರಿ, ಮಂಜು ಕವಿದ ನಸುಕು. ಬೆಳಿಗ್ಗೆ ರಾಶಿ ಎತ್ತಿಕೊಂಡು ಹೋದವರು ಕಲ್ಲನ್ನು ಅಲ್ಲೇ ಬಿಟ್ಟಿರುತ್ತಾರೆ. ನವೆಂಬರ್ ಡಿಸೆಂಬರಿನಲ್ಲಿ ಆ ಕಡೆಯಿಂದ ಬರುವ ಗಾಡಿಗಳ ಮುಂದಿನ ರಿಮ್ ಸೊಟ್ಟಗಾಗಿದ್ದರೆ ಕಾರಣ ಕೇಳುವ ಅಗತ್ಯವಿಲ್ಲ. ಹುರುಳಿ ಹರಡಿದ ಕಡೆ ಬಳ್ಳಿ ಹಿಂದಿನ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಕತ್ತರಿಸಿ ತೆಗೆಯಲು ಅರ್ಧ ಗಂಟೆ ಬೇಕು. ರೈತರನ್ನು ಬೈದು ಪ್ರಯೋಜನವಿಲ್ಲ. ಊರಿಗೊಂದು ಒಣಗಿಸುವ ಕಟ್ಟೆ ಇದ್ದರೆ ಅವರೇಕೆ ರಸ್ತೆಗೆ ಬರುತ್ತಾರೆ? ಬ್ಯಾಡಗಿಯ ಹತ್ತಿರ ಮೆಣಸಿನಕಾಯಿ ತುಂಬಿದ ಲಾರಿಯ ಹಿಂದೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು ಹೋದವರಿಗೆ ನಾನು ಹೇಳುವುದೇನೂ ಇಲ್ಲ, ಅವರ ಕಣ್ಣೇ ಹೇಳುತ್ತದೆ.

ಬ್ಯಾಟರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಡಿಸೆಂಬರಿನಲ್ಲಿ ಸೆಲ್ಫ್ ಹೊಡೆಯದಿದ್ದರೆ ಎಲ್ಲರೂ ಚಳಿಯನ್ನು ಬೈಯುತ್ತಾರೆ. ನಮ್ಮ 13, 14 ಡಿಗ್ರಿಯ ಚಳಿ ಗಟ್ಟಿಯಾದ ಬ್ಯಾಟರಿಯನ್ನು ಏನೂ ಮಾಡಲಾರದು. ಬ್ಯಾಟರಿಯನ್ನು ಕೊಲ್ಲುವುದು ಏಪ್ರಿಲ್, ಮೇ ತಿಂಗಳ ಬಿಸಿಲು. ಹೆಣ ಸಿಗುವುದು ಮಾತ್ರ ಡಿಸೆಂಬರಿನಲ್ಲಿ. ಬಿಸಿಲಿಗೆ ಒಳಗೊಳಗೇ ಸೋತದ್ದು, ಆಯಿಲ್ ಸ್ವಲ್ಪ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾದಾಗ ಕೈ ಎತ್ತುತ್ತದೆ. ಸೆಲ್ಫ್ ಬಟನ್ನನ್ನು ಹಟಕ್ಕೆ ಬಿದ್ದು ಒತ್ತಿಹಿಡಿಯಬೇಡಿ, ಐದು ಸೆಕೆಂಡಿಗೆ ಬಿಡಿ, ಸ್ವಲ್ಪ ತಡೆದು ಮತ್ತೆ ಒತ್ತಿ. ಕಿಕ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟಿಗೆ ಕಾಲನ್ನೇ ಬಳಸಿ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ ಮೇಲೆ ಬಹುಪಾಲು ಹೊಸ ಗಾಡಿಗಳಲ್ಲಿ, ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಲು ಎಳೆಯುತ್ತಿದ್ದ ಚೋಕ್ ಇಲ್ಲ, ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚು ಕಡಿಮೆ ಆಗುತ್ತದೆ. ಹಳೆಯ ಗಾಡಿಯವರು ಮಾತ್ರ ಚೋಕ್ ಎಳೆದು ಮರೆತು ಕಚೇರಿಯ ತನಕ ಓಡಿಸಿ, ಮಸಿ ಹಿಡಿದ ಪ್ಲಗ್ ತಂದು ತೋರಿಸುತ್ತಾರೆ.

ಈಚೆಗೆ ಹುಡುಗರು ಮೊಬೈಲಿನಲ್ಲಿ ವಿಡಿಯೊ ಹಿಡಿದುಕೊಂಡು ಬರುತ್ತಾರೆ. ತೆಳು ಆಯಿಲ್ ಹಾಕಿ, ಹತ್ತು ನಿಮಿಷ ಎಂಜಿನ್ ಕಾಯಿಸಿ, ಟೈರಿನ ಹವಾ ಇಳಿಸಿ. ಅದೆಲ್ಲ ಲಡಾಖ್, ಸ್ಪಿತಿ ಕಡೆಯವರಿಗೆ ಹೇಳಿದ್ದು. ಅಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗೆ, ರಸ್ತೆಯ ಮೇಲೆ ಕಣ್ಣಿಗೆ ಕಾಣದ ಹಿಮದ ಪದರ. ದಿಲ್ಲಿ, ಪಂಜಾಬಿನ ಬಯಲಿನಲ್ಲಿ ಇನ್ನೊಂದು ಬಗೆ: ಚಳಿಗಿಂತ ಅಲ್ಲಿಯ ದಟ್ಟ ಮಂಜಿನದೇ ಹೆದರಿಕೆ, ಮುಂದಿನ ಲಾರಿ ಹತ್ತಿರ ಬರುವ ತನಕ ಕಾಣುವುದಿಲ್ಲ. ಅಣ್ಣಿಗೇರಿಗೆ ಹೋಗುವವನಿಗೆ ಸ್ಪಿತಿಯ ಸಲಹೆ ಏಕೆ? ನಮ್ಮಲ್ಲಿ ಅರ್ಧ ನಿಮಿಷ ಎಂಜಿನ್ ಓಡಲು ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋದರೆ ಸಾಕು. ಆಯಿಲ್ ಕಂಪನಿಯ ಪುಸ್ತಕದಲ್ಲಿ ಬರೆದದ್ದೇ ಸಾಕು; ಡಬ್ಬಿಯ ಮೇಲೆ 10ಡಬ್ಲ್ಯು-30 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಅದು ಎಷ್ಟು ಸರಾಗ ಹರಿಯುತ್ತದೆ ಎಂಬುದನ್ನೇ ಹೇಳುತ್ತದೆ. ಟೈರಿನ ಹವಾ ಇಳಿಸುವ ಪ್ರಶ್ನೆಯೇ ಇಲ್ಲ. ಎರೆಸೀಮೆಯ ಮಧ್ಯಾಹ್ನಕ್ಕೂ ನಸುಕಿಗೂ ಇರುವ 15 ಡಿಗ್ರಿ ವ್ಯತ್ಯಾಸಕ್ಕೆ ಹವಾ ತಾನೇ ಸುಮಾರು 2 ಪಿಎಸ್ಐ (ಹವಾ ಒತ್ತಡದ ಅಳತೆ) ಇಳಿದಿರುತ್ತದೆ. ಮಧ್ಯಾಹ್ನ ಬಿಸಿ ಟೈರಿಗೆ ಅಳತೆ ಹಿಡಿದು ತುಂಬಿಸಿದವರು ಬೆಳಿಗ್ಗೆ ಮೆತ್ತನೆಯ ಟೈರಿನ ಮೇಲೆ ಹೋಗುತ್ತಿರುತ್ತಾರೆ. ಹವಾ ಬೆಳಿಗ್ಗೆಯೇ ಹಾಕಿಸಿ.

ಇನ್ನು ಓಡಿಸುವವರ ಮೈ. ಹೊರಗೆ 10 ಡಿಗ್ರಿ ಇದ್ದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಅದು 5 ಡಿಗ್ರಿಯಂತೆ ತಾಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಗುತ್ತದೆ. ಕೈಗವಸಿಗೆ ದುಡ್ಡು ಹಾಕಿ. ಎದೆಗೆ ಹಳೆಯವರು ಮಾಡುವಂತೆ ಅಂಗಿಯೊಳಗೆ ದಿನಪತ್ರಿಕೆ ಮಡಚಿಟ್ಟುಕೊಂಡರೂ ಗಾಳಿ ತಡೆಯುತ್ತದೆ. ಆದರೆ ಮಂಕಿ ಟೋಪಿ ಹಾಕಿ, ಅದರ ಮೇಲೆ ಮಫ್ಲರ್ ಸುತ್ತಿ, ಅದರ ಮೇಲೆ ಹೆಲ್ಮೆಟ್ ಕೂರಿಸಿ, ಪಟ್ಟಿ ಹಾಕಲು ಬಾರದೆ ಹಾಗೇ ಬಿಟ್ಟುಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದಿನ ಲಾರಿಯ ಹಾರ್ನೂ ಕೇಳುವುದಿಲ್ಲ, ಬಿದ್ದರೆ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿ ಹೋಗುತ್ತದೆ.

ಹಿಂದೆ ಕೂರುವವರ ಶಾಲು ಇನ್ನೂ ಹೆಚ್ಚಿನ ಚಿಂತೆ. ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಚೆಲ್ಲಲು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟ ಕುಟುಂಬಗಳನ್ನು ನೋಡಿ: ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತ ತಾಯಿ, ಮಡಿಲಲ್ಲಿ ಮಗು, ಇಬ್ಬರನ್ನೂ ಸುತ್ತಿದ ಶಾಲಿನ ತುದಿ ಚಕ್ರದ ಪಕ್ಕ ತೂಗಾಡುತ್ತಿರುತ್ತದೆ. ಸೀರೆ ಗಾರ್ಡ್ ಇರುವುದೇ ಇದಕ್ಕೆ. ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಹೊಸ ಗಾಡಿ ತಂದ ಹುಡುಗರು ಚೆಂದ ಕಾಣುವುದಿಲ್ಲವೆಂದು ಮೊದಲು ಬಿಚ್ಚಿಸುವುದು ಅದನ್ನೇ. ನಾನು ಬಿಚ್ಚಿಕೊಡುವುದಿಲ್ಲ. ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ, ಹೋಗಲಿ. ಹಳೆಯ ಗಾರ್ಡ್‌ಗಳನ್ನು ಒಂದು ಮೂಲೆಯಲ್ಲಿ ಜೋಡಿಸಿಟ್ಟಿದ್ದೇನೆ. ಮದುವೆಯಾಗಿ ಹೆಂಡತಿಯನ್ನು ಕೂರಿಸಿಕೊಂಡು ಬಂದವರು ಕೇಳಿದರೆ ನಟ್ಟು ಬೋಲ್ಟಿನ ದುಡ್ಡಿಗೆ ಹಾಕಿಕೊಡುತ್ತೇನೆ.